ಎಳೆದರೂ ಆಕ್ಸೆಟಿಕ್ ಜಾಲರಿ ಅಗಲವಾಗುತ್ತಿಲ್ಲ, ಎಲ್ಲಿ ತಪ್ಪಿದ್ದೇನೆ?

ಪ್ರಶ್ನೆ:
ಸೊಂಟದ ಕೀಲಿನ ಇಂಪ್ಲಾಂಟ್‌ನ ಸ್ಟೆಮ್ (ಮೂಳೆಯೊಳಗೆ ಇಳಿಯುವ ಕಡ್ಡಿಯಂಥ ಭಾಗ) ತೊಡೆಮೂಳೆಯೊಳಗೆ ಹೇಗೆ ಕಚ್ಚಿಕೊಂಡು ಕೂರುತ್ತದೆ ಎಂದು ತೋರಿಸಲು ಒಂದು ಮಾದರಿ ಮಾಡುತ್ತಿದ್ದೇನೆ. ಮೊದಲು ಟಿಪಿಯುನಲ್ಲಿ (ರಬ್ಬರ್ ಥರ ಬಾಗುವ ಪ್ಲಾಸ್ಟಿಕ್) ಒಂದು ಆಕ್ಸೆಟಿಕ್ ಪಟ್ಟಿ, ಅಂದರೆ ಎಳೆದರೆ ಅಗಲವಾಗಬೇಕಾದ ಜಾಲರಿ, 3ಡಿ ಪ್ರಿಂಟ್ ಮಾಡಿದೆ. ಜೇನುಗೂಡಿನ ಥರದ್ದೇ ಕಣ್ಣುಗಳು, ಆದರೆ ಓರೆ ಗೋಡೆಗಳು ಒಳಕ್ಕೆ ಮಡಚಿವೆ. ನೆಟ್ಟಗಿನ ಗೋಡೆ 10 ಮಿ.ಮೀ., ಓರೆ ಗೋಡೆ 5 ಮಿ.ಮೀ., ಕೋನ ಮೈನಸ್ 30 ಡಿಗ್ರಿ, ದಪ್ಪ 1.6 ಮಿ.ಮೀ. ಹರಿಯಬಾರದು ಅಂತ ಮೂಲೆಗಳಿಗೆ 2 ಮಿ.ಮೀ. ರೌಂಡ್ ಕೊಟ್ಟಿದ್ದೇನೆ. ಅಡ್ಡಕ್ಕೆ ಮೂರು ಕಣ್ಣು. ಲೆಕ್ಕದಲ್ಲಿ ಪಾಯ್ಸನ್ ಅನುಪಾತ (ಉದ್ದಕ್ಕೆ ಎಳೆದಾಗ ಅಗಲ ಎಷ್ಟು ಕುಗ್ಗುತ್ತದೆ ಎಂಬ ಅಳತೆ, ಮೈನಸ್ ಅಂದರೆ ಅಗಲ ಹೆಚ್ಚುತ್ತದೆ) ಮೈನಸ್ 1 ಬರುತ್ತದೆ, ಆದರೆ ಎರಡೂ ತುದಿ ಕ್ಲ್ಯಾಂಪ್ ಮಾಡಿ ಎಳೆದರೆ ಅಗಲ ಹೆಚ್ಚುವುದೇ ಇಲ್ಲ.

ಉತ್ತರ:
ನಿಮ್ಮ ಲೆಕ್ಕ ಸರಿ ಇದೆ, ಗೋಡೆ ತಪ್ಪಿದೆ. ಆ ಸೂತ್ರ ನಂಬಿಕೊಂಡಿರುವುದು ತೆಳುವಾದ, ಬಾಗುವ ಗೋಡೆಯನ್ನು. 5 ಮಿ.ಮೀ. ಉದ್ದಕ್ಕೆ 1.6 ದಪ್ಪ ಅಂದರೆ ಅದು ಗೋಡೆಯಲ್ಲ, ಗಟ್ಟಿ ತುಂಡು. ಅದರ ಮೇಲೆ ರೌಂಡ್ ಬೇರೆ ಕೊಟ್ಟಿದ್ದೀರಿ, ಹಾಗಾಗಿ ಬಾಗಲು ಉಳಿದ ಉದ್ದ ಇನ್ನೂ ಕಡಿಮೆ. ಬಾಗುವ ಗಡಸುತನ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ, ದಪ್ಪ ಅರ್ಧ ಮಾಡಿದರೆ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಗೋಡೆ 0.8 ಮಾಡಿ (ಪ್ರಿಂಟರ್‌ನ 0.4 ಮಿ.ಮೀ. ನಾಝಲ್‌ನಲ್ಲಿ ಸರಿಯಾಗಿ ಎರಡು ಗೆರೆ), ಓರೆ ಗೋಡೆ 8, ನೆಟ್ಟಗಿನದು 16, ರೌಂಡ್ 0.5 ಸಾಕು.

ಇನ್ನೊಂದು, ಕ್ಲ್ಯಾಂಪ್ ಹಿಡಿದ ಕಡೆ ಜಾಲರಿ ಅಗಲವಾಗಲು ಸಾಧ್ಯವೇ ಇಲ್ಲ, ಅದರ ಪರಿಣಾಮ ಪಕ್ಕದ ಸಾಲುಗಳಿಗೂ ಹರಡುತ್ತದೆ. ಪಟ್ಟಿ ಉದ್ದವಾಗಿರಲಿ, ಕಣ್ಣುಗಳು ಜಾಸ್ತಿ ಇರಲಿ, ನಡುವೆ ಚುಕ್ಕೆ ಇಟ್ಟು ಎಳೆಯುವ ಮುಂಚೆ ಒಂದು, ಎಳೆದ ಮೇಲೆ ಒಂದು ಫೋಟೊ ತೆಗೆದು ಅಳೆಯಿರಿ. ತುಂಬಾ ಎಳೆಯಬೇಡಿ. ಓರೆ ಗೋಡೆಗಳು ನೇರವಾದ ಮೇಲೆ ಅಗಲವಾಗುವ ಗುಣ ಮುಗಿಯಿತು.

ಪ್ರಶ್ನೆ ಕೇಳಿದವರು:
ಕೆಲಸ ಮಾಡಿತು! ಉದ್ದದ ಚುಕ್ಕೆಗಳು 60ರಿಂದ 63ಕ್ಕೆ ಹೋದವು, ಅಡ್ಡದವು 40ರಿಂದ 41.6ಕ್ಕೆ. ಅಂದರೆ ಮೈನಸ್ 0.8. ಆದರೆ ಪೂರ್ತಿ ಸ್ಟೆಮ್ ಇದೇ ಜಾಲರಿಯಲ್ಲಿ ಮಾಡಿ ಫೋಮ್‌ನೊಳಗೆ ಕೂರಿಸಿ ಬಾಗಿಸಿದರೆ ಒಂದು ಬದಿ ಗಟ್ಟಿಯಾಗಿ ಒತ್ತುತ್ತದೆ, ಇನ್ನೊಂದು ಬದಿಯಲ್ಲಿ ಸಂದು ಬೀಳುತ್ತಿದೆ. ಇದೇಕೆ?

ಉತ್ತರ:
ಇದು ಪ್ರಿಂಟ್ ದೋಷ ಅಲ್ಲ. ಸ್ಟೆಮ್ ಬಾಗಿದಾಗ ಒಂದು ಬದಿ ಹಿಗ್ಗುತ್ತದೆ, ಇನ್ನೊಂದು ಕುಗ್ಗುತ್ತದೆ. ಆಕ್ಸೆಟಿಕ್ ಜಾಲರಿ ಎಳೆದರೆ ಅಗಲ, ಒತ್ತಿದರೆ ಕಿರಿದು. ಸಾಮಾನ್ಯ ಜೇನುಗೂಡು ಅದಕ್ಕೆ ಉಲ್ಟಾ, ಅಲ್ವಾ? ಹಾಗಾಗಿ ಹಿಗ್ಗುವ ಹೊರಬದಿಗೆ ಆಕ್ಸೆಟಿಕ್, ಕುಗ್ಗುವ ಒಳಬದಿಗೆ ಸಾಮಾನ್ಯ ಜೇನುಗೂಡು ಹಾಕಿ, ಎರಡೂ ಬದಿ ಮೂಳೆಗೆ ಒತ್ತುತ್ತವೆ. ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದವರು 2018ರಲ್ಲಿ ತೋರಿಸಿದ್ದು ಇದನ್ನೇ. ನನಗೆ ಈ ಕ್ಷೇತ್ರದಲ್ಲಿ ತುಂಬಾ ಇಷ್ಟವಾದ ಯೋಚನೆ ಇದು.

ಆ ಸಂದನ್ನು ಸುಮ್ನೆ ಬಿಡಬೇಡಿ, ನಿಮ್ಮ ಮಾದರಿಯ ಮುಖ್ಯ ವಿಷಯವೇ ಅದು. ಮೂಳೆಗೂ ಇಂಪ್ಲಾಂಟ್‌ಗೂ ನಡುವಿನ ಅಲುಗಾಟ ಸುಮಾರು 150 ಮೈಕ್ರಾನ್ ದಾಟಿದರೆ ಅಲ್ಲಿ ಮೂಳೆಯ ಬದಲು ನಾರಿನಂಥ ಅಂಗಾಂಶ ಬೆಳೆಯುತ್ತದೆ, ಸ್ಟೆಮ್ ಸಡಿಲವಾಗುತ್ತದೆ. ಮೂಲೆಯ ರೌಂಡ್ ಬಗ್ಗೆ ಒಂದು ಮಾತು: ಟಿಪಿಯುಗೆ ಕಡಿಮೆ ಮಾಡಿ ಎಂದೆ, ಆದರೆ ನಿಜವಾದ ಇಂಪ್ಲಾಂಟ್‌ನ ಟೈಟಾನಿಯಂನಲ್ಲಿ ಪ್ರತಿ ಹೆಜ್ಜೆಯ ಭಾರಕ್ಕೂ ಬಿರುಕು ಶುರುವಾಗುವುದು ಚೂಪಾದ ಮೂಲೆಯಿಂದಲೇ. ಅಲ್ಲಿ ರೌಂಡ್ ಬೇಕೇ ಬೇಕು, ನಿಮ್ಮ ಮಾದರಿಯ ಪಕ್ಕದಲ್ಲಿ ಅದನ್ನೂ ಬರೆದಿಡಿ.