ಕೊಳ ಕಟ್ಟಿಸಿದ ಮೇಲೆ ಹಕ್ಕಿಗಳೇ ಬರುತ್ತಿಲ್ಲ, ಯಾರಾದ್ರೂ ಹೇಳಿ ಪ್ಲೀಸ್

ಶ್ರೀರಾಂಪುರದವ
ಎಲ್ಲರಿಗೂ ನಮಸ್ಕಾರ. ಮೈಸೂರು, ಶ್ರೀರಾಂಪುರ. ಲಿಂಗಾಂಬುಧಿ ಕೆರೆ ಹತ್ತಿರ. ಹಕ್ಕಿಗಳು ಬರಲಿ ಅಂತಲೇ ಹಿತ್ತಲಲ್ಲಿ ಕೊಳ ಕಟ್ಟಿಸಿದೆ. ಮೊದಲು ಪಿಕಳಾರ, ಮಡಿವಾಳ ಹಕ್ಕಿ, ಹರಟೆಮಲ್ಲಗಳ ಗುಂಪು ಎಲ್ಲಾ ದಿನಾ ಬರುತ್ತಿದ್ದವು. ಕೊಳ ಆದ ಮೇಲೆ ಒಂದೂ ನೀರಿಗೆ ಇಳಿಯುತ್ತಿಲ್ಲ. ಅಂಚಿಗೆ ಬರುತ್ತವೆ, ಬಗ್ಗಿ ನೋಡುತ್ತವೆ, ಹಾರಿ ಹೋಗುತ್ತವೆ. ಪಂಪ್ ಇದೆ, ಕಾರಂಜಿ ಇದೆ, ನೀರು ಚೊಕ್ಕವಾಗಿದೆ. ಖರ್ಚೂ ಕಮ್ಮಿ ಏನಾಗಿಲ್ಲ. ಶಿವರಾತ್ರಿ ಕಳೆದು ಬಿಸಿಲು ಏರಿದೆ, ಬಾಯಾರಿಕೆಗಾದರೂ ಬರಬೇಕಲ್ವಾ? ತಪ್ಪದೆ ಬರುವುದು ಒಂದೇ, ಕೊಳದ ಬಕ. ಅದು ನನ್ನ ಮೀನು ನುಂಗಲು ಬರುತ್ತದೆ. ಏನು ಮಾಡಲಿ?

ವೈರ್‌ಮನ್ ಮಂಡ್ಯ
ಪಂಪ್ ಯಾವುದು? ನೀರೊಳಗೆ ಮುಳುಗಿಸುವುದಾ, ಹೊರಗಿಡುವುದಾ? ಅರ್ಥಿಂಗ್ ಇದೆಯಾ? ಅಂಚಿಗೆ ಬಂದು ವಾಪಸ್ ಹೋಗುತ್ತವೆ ಅಂದರೆ ನೀರಿಗೆ ಕರೆಂಟ್ ಲೀಕ್ ಆಗುತ್ತಿರಬಹುದು. ಹಕ್ಕಿಗೆ ಬೇಗ ಗೊತ್ತಾಗುತ್ತದೆ.

ಕೆರೆಏರಿ
ಆಳ ಎಷ್ಟು? ಅಂಚು ಯಾವ ಥರ ಇದೆ? ಇನ್ನೊಂದು, ಮೊದಲು ದಿನಾ ಬರುತ್ತಿದ್ದವು ಅಂದಿರಿ. ಕೊಳವೇ ಇರಲಿಲ್ಲ ಅಂದ ಮೇಲೆ ಆಗ ನೀರು ಎಲ್ಲಿತ್ತು?

ಶ್ರೀರಾಂಪುರದವ
@ವೈರ್‌ಮನ್ ಮುಳುಗಿಸುವುದೇ. 18 ವ್ಯಾಟ್. ಮೂರು ಪಿನ್ ಪ್ಲಗ್ ಇದೆ. ಅಂಗಡಿಯವನು ಒಳ್ಳೆಯದು ಅಂತಲೇ ಕೊಟ್ಟ.

ವೈರ್‌ಮನ್ ಮಂಡ್ಯ
ಮೂರು ಪಿನ್ ಇದ್ದ ಮಾತ್ರಕ್ಕೆ ಅರ್ಥ್ ಇದೆ ಅಂತ ಅಲ್ಲ. ಹಳೇ ಮನೆಗಳಲ್ಲಿ ಮೂರನೇ ತೂತು ಸುಮ್ನೆ ಇರುತ್ತದೆ, ಹಿಂದೆ ತಂತಿಯೇ ಇರುವುದಿಲ್ಲ. ಮೊದಲು ಒಂದು ಆರ್‌ಸಿಸಿಬಿ ಹಾಕಿಸಿ, ಕರೆಂಟ್ ಲೀಕ್ ಆದ ಕೂಡಲೇ ಲೈನ್ ಕಡಿಯುವ ಸ್ವಿಚ್ ಅದು, 30 ಮಿಲಿ ಆಂಪ್ಸ್‌ದು. ಅದು ಟ್ರಿಪ್ ಆದರೆ ನನ್ನ ಮಾತು ನಿಜ. ಅಲ್ಲಿಯವರೆಗೆ ಸ್ವಿಚ್ ಆಫ್ ಮಾಡದೆ ಯಾರೂ ನೀರಿಗೆ ಕೈ ಹಾಕಬೇಡಿ.

ಬೋಗಾದಿ ಬೈನಾಕ್ಯುಲರ್
ಕರೆಂಟ್ ಇದ್ದಿದ್ದರೆ ಬಕ ಹೇಗೆ ಬರುತ್ತದೆ ಸ್ವಾಮಿ?

ವೈರ್‌ಮನ್ ಮಂಡ್ಯ
ಬಕ ನಿಲ್ಲುವುದು ದಂಡೆಯ ಮೇಲೆ. ಕಾಲು ಒಣಗಿರುತ್ತದೆ. ಕೊಕ್ಕು ಮಾತ್ರ ಒಂದು ಕ್ಷಣ ನೀರಿಗೆ ಹೋಗುತ್ತದೆ.

ಬೋಗಾದಿ ಬೈನಾಕ್ಯುಲರ್
ಮೀನು? ಅವು ಇಡೀ ದಿನ ನೀರಲ್ಲೇ ಇವೆ.

ವೈರ್‌ಮನ್ ಮಂಡ್ಯ
ಮೀನು ಬೇರೆ. ತಂತಿ ಮೇಲೆ ಕೂತ ಕಾಗೆಗೆ ಶಾಕ್ ಹೊಡೆಯುತ್ತದಾ?

ಬೋಗಾದಿ ಬೈನಾಕ್ಯುಲರ್
ಸರಿ, ಹೀಗೇ ಹೋದರೆ ಹಕ್ಕಿಗೂ ಆರ್‌ಸಿಸಿಬಿ ಕಟ್ಟಬೇಕಾಗುತ್ತದೆ.

ಹೂವಿನ ತೋಟ
ನಲ್ಲಿ ನೀರು ತುಂಬಿಸಿದ್ದೀರಾ? ಕ್ಲೋರಿನ್ ವಾಸನೆಗೆ ಬರದೇ ಇರಬಹುದು. ನಾನು ಡ್ರಮ್ಮಲ್ಲಿ ಒಂದು ದಿನ ತೆರೆದಿಟ್ಟು ಆಮೇಲೆ ಸುರಿಯುತ್ತೇನೆ.

ಕೆರೆಏರಿ
ಹಾಗೆ ತೆರೆದಿಡುವುದು ಮೀನಿಗೆ ಬೇಕು. ಹಕ್ಕಿ ನಲ್ಲಿ ನೀರನ್ನೂ ಕುಡಿಯುತ್ತದೆ, ಏನೂ ಆಗುವುದಿಲ್ಲ. ಶ್ರೀರಾಂಪುರದವರೇ, ನನ್ನ ಪ್ರಶ್ನೆ ಹಾಗೇ ಉಳಿದಿದೆ. ಆಳ?

ಶ್ರೀರಾಂಪುರದವ
ಎಲ್ಲರದ್ದೂ ಇರುವ ಹಾಗೇ. ಎರಡೂವರೆ ಅಡಿ. ನಾಲ್ಕೂ ಕಡೆ ನೇರ ಗೋಡೆ, ಮೇಲೆ ಪಾಲಿಶ್ ಗ್ರಾನೈಟ್. ಮೊದಲು ಅಲ್ಲೊಂದು ಒಗೆಯೋ ಕಲ್ಲಿತ್ತು, ಪಕ್ಕದಲ್ಲಿ ಸೋರುವ ನಲ್ಲಿ. ಅದನ್ನೆಲ್ಲಾ ತೆಗೆಸಿ ಅದೇ ಜಾಗದಲ್ಲಿ ಕೊಳ ಮಾಡಿಸಿದ್ದು. ಅದಕ್ಕೂ ಇದಕ್ಕೂ ಏನು ಸಂಬಂಧ?

ಕೆರೆಏರಿ
ಅಲ್ಲೇ ಇರುವುದು ಸಂಬಂಧ. ಒಗೆಯೋ ಕಲ್ಲಿನ ಬುಡದಲ್ಲಿ ಒಂದಿಂಚು ನೀರು ನಿಂತಿರುತ್ತಿತ್ತು, ಅಲ್ವಾ? ನೆಲ ಒರಟು, ಕಾಲು ಜಾರುವುದಿಲ್ಲ. ನಲ್ಲಿ ತೊಟ್ಟಿಕ್ಕುತ್ತಿತ್ತು. ಪಿಕಳಾರಕ್ಕೆ ಇಷ್ಟೇ ಸಾಕು. ಅದು ಸ್ನಾನ ಮಾಡುವುದನ್ನು ಒಮ್ಮೆ ಗಮನಿಸಿ ನೋಡಿ. ಮೊದಲು ಅಂಚಲ್ಲಿ ನಿಂತು ಸುತ್ತ ನೋಡುತ್ತದೆ. ಹೊಟ್ಟೆ ಮುಟ್ಟುವಷ್ಟು ನೀರಿಗೆ ಇಳಿಯುತ್ತದೆ. ಎದೆ ತಗ್ಗಿಸಿ ರೆಕ್ಕೆ ಬಡಿಯುತ್ತದೆ, ಬೆನ್ನ ಮೇಲೆಲ್ಲಾ ನೀರು ಚಿಮ್ಮುತ್ತದೆ. ಆಮೇಲೆ ಪಕ್ಕದ ರೆಂಬೆಗೆ ಹಾರಿ ಗರಿಗರಿಯನ್ನೂ ಕೊಕ್ಕಿನಲ್ಲಿ ಎಳೆದು ಒಪ್ಪ ಮಾಡಿಕೊಳ್ಳುತ್ತದೆ. ನಿಮ್ಮ ಕೊಳದಲ್ಲಿ ಅಂಚಿನಿಂದ ಒಂದು ಹೆಜ್ಜೆ ಇಟ್ಟರೆ ಮುಳುಗುವುದೇ. ಕಾಲೂರಲು ಜಾಗ ಎಲ್ಲಿ? ಚಿಕ್ಕ ಹಕ್ಕಿಗೆ ಅರ್ಧ ಇಂಚಿನಿಂದ ಎರಡು ಇಂಚು ನೀರು ಸಾಕು, ಅದೂ ಇಳಿಜಾರಾಗಿರಬೇಕು.

ವೈರ್‌ಮನ್ ಮಂಡ್ಯ
ಆಳದ ಮಾತು ಒಪ್ಪುತ್ತೇನೆ. ಆದರೆ ಆರ್‌ಸಿಸಿಬಿ ಹಾಕಿಸಲೇಬೇಕು.

ರಂಗನತಿಟ್ಟು ರಜಾ
ಇಷ್ಟೆಲ್ಲಾ ಯಾಕೆ? ಹಕ್ಕಿ ನೋಡಬೇಕಾದರೆ ಶ್ರೀರಂಗಪಟ್ಟಣದ ಕಡೆ ರಂಗನತಿಟ್ಟಿಗೆ ಬಂದು ದೋಣಿ ಹತ್ತಿ. ಭಾನುವಾರ ನಾನು 150-600 ಲೆನ್ಸಲ್ಲಿ ಹೆಜ್ಜಾರ್ಲೆ (ಪೆಲಿಕನ್) ಫೋಟೋ ತೆಗೆದಿದ್ದೇನೆ, ಕಣ್ಣಿನ ಸುತ್ತ ಇರುವ ಚರ್ಮದ ಸುಕ್ಕು ಕೂಡ ಕಾಣುತ್ತದೆ. ಮೋನೋಪಾಡ್ ಇಲ್ಲದೆ, ಕೈಯಲ್ಲೇ. 1/1600 ಶಟರ್.

ಬೋಗಾದಿ ಬೈನಾಕ್ಯುಲರ್
ದೋಣಿ ಅಷ್ಟು ಹತ್ತಿರ ಹೋದರೆ ಮೊಬೈಲಲ್ಲೂ ಬರುತ್ತದೆ. ಕೊಕ್ಕರೆ ಬೆಳ್ಳೂರಿಗೆ ಹೋಗಿ. ಅಲ್ಲಿ ಊರೊಳಗಿನ ಹುಣಸೆ ಮರದಲ್ಲೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ದೋಣಿಯೂ ಬೇಡ, ಟಿಕೆಟ್ಟೂ ಬೇಡ.

ರಂಗನತಿಟ್ಟು ರಜಾ
ರಂಗನತಿಟ್ಟು 1940ರಲ್ಲೇ ಪಕ್ಷಿಧಾಮ ಆಗಿದ್ದು, ಪಕ್ಷಿತಜ್ಞ ಸಲೀಂ ಅಲಿಯವರು ಮೈಸೂರು ಮಹಾರಾಜರಿಗೆ ಹೇಳಿ ಮಾಡಿಸಿದ್ದು. 2022ರಲ್ಲಿ ರಾಮ್ಸಾರ್ ಪಟ್ಟಿಗೂ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೂ ಸೇರಿದೆ. ಸುಮ್ನೆ ಮೊಬೈಲ್ ಅನ್ನಬೇಡಿ.

ಮದ್ದೂರು ಮಗ
ನಮ್ಮೂರ ಕಡೆ ಮಾತು ಬಂತು, ಹಾಗಾಗಿ ಹೇಳುತ್ತೇನೆ. ಬೆಳ್ಳೂರಿನವರು ಮರದ ಕೆಳಗೆ ಬಿದ್ದ ಹಿಕ್ಕೆ ಗುಡಿಸಿ ಗೊಬ್ಬರ ಮಾಡಿಕೊಳ್ಳುತ್ತಾರೆ. ಹಕ್ಕಿಯಿಂದ ಲಾಭ ಅವರಿಗೂ ಇದೆ. ಬಕಕ್ಕೆ ಏನು ಮಾಡುವುದು ಅಂತ ಮೊದಲನೇ ಪೋಸ್ಟಲ್ಲಿ ಇತ್ತಲ್ಲ, ಅದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. ಕವಣೆಯಲ್ಲಿ ಒಂದು ಬಿಟ್ಟರೆ ಮತ್ತೆ ಈ ಕಡೆ ತಲೆ ಹಾಕುವುದಿಲ್ಲ.

ಕೆರೆಏರಿ
ಅದೆಲ್ಲಾ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬಕಕ್ಕೂ ರಕ್ಷಣೆ ಇದೆ. ಮೀನು ಉಳಿಸಿಕೊಳ್ಳಬೇಕಾದರೆ ಕೊಳದ ತಳದಲ್ಲಿ ನಾಲ್ಕಿಂಚಿನ ಪಿವಿಸಿ ಪೈಪಿನ ತುಂಡುಗಳನ್ನು ಅಡ್ಡ ಮಲಗಿಸಿ. ಇಲ್ಲಾ ಒಡೆದ ಮಡಕೆ ಬೋರಲು ಹಾಕಿ. ನೆರಳು ಬಿದ್ದ ಕೂಡಲೇ ಮೀನು ಒಳಗೆ ನುಗ್ಗುತ್ತದೆ. ಕೋಯಿ ಅಂತ ಬಣ್ಣದ ಅಲಂಕಾರದ ಮೀನು ಇದ್ದರೆ, ದೊಡ್ಡದನ್ನು ಬಕ ನುಂಗಲಾರದು, ಅದಕ್ಕೆ ಬೇಕಾದ್ದು ಮರಿಗಳು.

ಮದ್ದೂರು ಮಗ
ತಮಾಷೆಗೆ ಹೇಳಿದ್ದು ಮಾರಾಯ್ರೆ. ಕಾಯ್ದೆ ತೆಗೆದುಬಿಟ್ಟಿರಿ.

ಶ್ರೀರಾಂಪುರದವ
ಕೋಯಿ ಸ್ವಲ್ಪವೇ ಇವೆ. ಜಾಸ್ತಿ ಇರುವುದು ಗಪ್ಪಿ. ಸೊಳ್ಳೆ ಆಗಬಾರದು ಅಂತ ಬಿಟ್ಟಿದ್ದು. ಫೋಟೋ ಹಾಕಿದ್ದೇನೆ, ನೋಡಿ.

ಹೂವಿನ ತೋಟ
ಗಪ್ಪಿ ಒಳ್ಳೆಯದು. ಗ್ಯಾಂಬೂಸಿಯಾ ಇನ್ನೂ ಚೆನ್ನಾಗಿ ಸೊಳ್ಳೆ ಮರಿ ತಿನ್ನುತ್ತದೆ.

ಕೆರೆಏರಿ
ದಯವಿಟ್ಟು ಗ್ಯಾಂಬೂಸಿಯಾ ಬೇಡ. ಕಪ್ಪೆಯ ಮೊಟ್ಟೆ, ಗೊದಮೊಟ್ಟೆ ಎಲ್ಲಾ ತಿಂದು ಹಾಕುತ್ತದೆ. ಎರಡೂ ಹೊರದೇಶದವು. ಮಳೆಗಾಲದಲ್ಲಿ ಕೊಳ ತುಂಬಿ ಚರಂಡಿಗೆ ಹರಿದರೆ ಮೀನು ಕೆರೆ ಸೇರುತ್ತವೆ.

ಹೂವಿನ ತೋಟ
ಆರೋಗ್ಯ ಇಲಾಖೆಯವರೇ ಬಾವಿ, ತೊಟ್ಟಿಗೆಲ್ಲಾ ಬಿಡುತ್ತಾರೆ. ಅವರಿಗಿಂತ ನಿಮಗೆ ಜಾಸ್ತಿ ಗೊತ್ತಾ?

ಕೆರೆಏರಿ
ಬಿಡುತ್ತಾರೆ, ಇಲ್ಲ ಅಂದವರು ಯಾರು? ಮುಚ್ಚಿದ ತೊಟ್ಟಿ ಬೇರೆ, ಲಿಂಗಾಂಬುಧಿ ಪಕ್ಕದ ಹಿತ್ತಲು ಬೇರೆ.

ಬೋಗಾದಿ ಬೈನಾಕ್ಯುಲರ್
ಮೀನಿನ ಜಗಳ ಆಮೇಲೆ ಆಡಿ. ಫೋಟೋದಲ್ಲಿ ಕೊಳದ ಮೇಲೆ ಅಡ್ಡಡ್ಡ ಫಳಫಳ ಅಂತಿದೆಯಲ್ಲ, ಏನದು?

ಶ್ರೀರಾಂಪುರದವ
ಅದು ಬಕ ಓಡಿಸುವ ರಿಬ್ಬನ್. ಗದ್ದೆಗೆ ಕಟ್ಟುತ್ತಾರಲ್ಲ, ಒಂದು ಕಡೆ ಕೆಂಪು ಇನ್ನೊಂದು ಕಡೆ ಬೆಳ್ಳಿ ಬಣ್ಣ, ಅದೇ. ಗಾಳಿಗೆ ಬರ್‍ ಅಂತ ಸದ್ದು ಮಾಡುತ್ತದೆ.

ಬೋಗಾದಿ ಬೈನಾಕ್ಯುಲರ್
ಹಕ್ಕಿ ಓಡಿಸುವ ರಿಬ್ಬನ್ ಕಟ್ಟಿ, ಹಕ್ಕಿ ಬರುತ್ತಿಲ್ಲ ಅಂತ ಕೇಳುತ್ತಿದ್ದೀರಾ?

ಶ್ರೀರಾಂಪುರದವ
ಅದನ್ನು ಕಟ್ಟಿದ್ದು ಬಕಕ್ಕೆ. ಚಿಕ್ಕ ಹಕ್ಕಿಗಲ್ಲ. ಅಂಗಡಿಯವನು ಹಾಗೇ ಹೇಳಿದ್ದು.

ವೈರ್‌ಮನ್ ಮಂಡ್ಯ
😂😂 ನಮ್ಮ ರಾಗಿ ಹೊಲಕ್ಕೂ ಇದೇ. ಮೊದಲ ವಾರ ಗುಬ್ಬಿ, ಗಿಳಿ ಎಲ್ಲಾ ಓಡುತ್ತವೆ. ಆಮೇಲೆ ರೂಢಿಯಾಗಿ ರಿಬ್ಬನ್ ಮೇಲೇ ಕೂರುತ್ತವೆ. ನಿಮ್ಮ ಬಕಕ್ಕೆ ಆಗಲೇ ರೂಢಿಯಾಗಿದೆ. ಅದಕ್ಕೆ ಊಟ ಇದೆ, ಕಾದು ನಿಲ್ಲುತ್ತದೆ. ಪಿಕಳಾರಕ್ಕೆ ಅಷ್ಟು ಅಗತ್ಯ ಇಲ್ಲ, ಪಕ್ಕದ ಮನೆಗೆ ಹೋಗುತ್ತದೆ.

ಕೆರೆಏರಿ
ಇನ್ನೂ ಒಂದು. ಫೋಟೋದಲ್ಲಿ ಸುತ್ತ ಒಂದು ಗಿಡವೂ ಇಲ್ಲ. ಮೊದಲು ಏನಿತ್ತು?

ಶ್ರೀರಾಂಪುರದವ
ದಾಸವಾಳ ಇತ್ತು. ಎಲೆ ನೀರಿಗೆ ಬಿದ್ದು ಪಂಪ್ ಕಟ್ಟಿಕೊಳ್ಳುತ್ತದೆ ಅಂತ ಮೇಸ್ತ್ರಿ ಕಡಿಸಿದ.

ಕೆರೆಏರಿ
ಒದ್ದೆ ರೆಕ್ಕೆಯಲ್ಲಿ ಹಕ್ಕಿ ಚೆನ್ನಾಗಿ ಹಾರಲಾರದು. ಶಿಕ್ರಾ ಗಿಡುಗ ಬಂದರೆ ನುಗ್ಗಲು ಒಂದು ಪೊದೆ ಬೇಕು, ಆರೇಳು ಅಡಿ ದೂರದಲ್ಲಿ. ತೀರಾ ಅಂಟಿಕೊಂಡಿದ್ದರೆ ಅದರಲ್ಲೇ ಬೆಕ್ಕು ಅಡಗಿ ಕೂರುತ್ತದೆ. ಕೊಳ ಒಡೆಯುವುದೇನೂ ಬೇಡ. ಒಂದು ಮೂಲೆಯಲ್ಲಿ ಇಟ್ಟಿಗೆ ಜೋಡಿಸಿ, ಮೇಲೆ ಒರಟು ಚಪ್ಪಡಿಯನ್ನು ಓರೆಯಾಗಿ ಇಡಿ. ಒಂದು ತುದಿ ನೀರಿನ ಮೇಲೆ, ಇನ್ನೊಂದು ತುದಿ ಎರಡಿಂಚು ಕೆಳಗೆ. ರಿಬ್ಬನ್ ಬಿಚ್ಚಿ. ಕುಂಡದಲ್ಲಾದರೂ ಒಂದು ದಾಸವಾಳ ತಂದಿಡಿ. ಕಾರಂಜಿ ಎತ್ತರಕ್ಕೆ ಚಿಮ್ಮುತ್ತಿದ್ದರೆ ತಗ್ಗಿಸಿ, ತೊಟ್ಟಿಕ್ಕುವ ನೀರು ಇನ್ನೂ ಒಳ್ಳೆಯದು.

ವೈರ್‌ಮನ್ ಮಂಡ್ಯ
ತೊಟ್ಟಿಕ್ಕಲು ಪಂಪ್ ಯಾಕೆ? ಹನಿ ನೀರಾವರಿಯ ಡ್ರಿಪ್ಪರ್ ತನ್ನಿ, ಗಂಟೆಗೆ 4 ಲೀಟರಿನದು. ಮೇಲಿನ ಟ್ಯಾಂಕಿನಿಂದ ತೆಳು ಪೈಪ್ ಎಳೆದು ಚಪ್ಪಡಿ ಮೇಲೆ ಬೀಳುವ ಹಾಗೆ ಕಟ್ಟಿ. ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ಬಿಟ್ಟರೂ 48 ಲೀಟರ್. ಕರೆಂಟೇ ಬೇಡ. ಕರೆಂಟ್ ಇಲ್ಲ ಅಂದರೆ ಲೀಕೂ ಇಲ್ಲ.

ಬೋಗಾದಿ ಬೈನಾಕ್ಯುಲರ್
ಕೊನೆಗೂ ಅಲ್ಲಿಗೇ ತಂದು ನಿಲ್ಲಿಸಿದಿರಿ.

ಶ್ರೀರಾಂಪುರದವ
ರಿಬ್ಬನ್ ಬಿಚ್ಚಿದೆ. ಚಪ್ಪಡಿ ಇಟ್ಟೆ. ಹಳೇ ಒಗೆಯೋ ಕಲ್ಲನ್ನು ಕೆಲಸದವರು ಒಯ್ದಿದ್ದರು, ಹಾಗಾಗಿ ಬೇರೆ ಹಾಕಿದ್ದು. ಡ್ರಿಪ್ಪರೂ ಕಟ್ಟಿದೆ. ಗೊರವಂಕಗಳು ಬಂದವು, ಗಲಾಟೆಯೋ ಗಲಾಟೆ. ಹರಟೆಮಲ್ಲಗಳು ನಾಲ್ಕು ಗಂಟೆ ಮೇಲೆ ಇಡೀ ಗುಂಪಾಗಿ ಬಂದು ಒಂದರ ಮೇಲೊಂದು ಬಿದ್ದು ಸ್ನಾನ ಮಾಡುತ್ತವೆ. ಪಿಕಳಾರ ಕಾಂಪೌಂಡ್ ಮೇಲೇ ಕೂತು ನೋಡುತ್ತದೆ, ಇಳಿಯುವುದಿಲ್ಲ. ಮಡಿವಾಳ ಹಕ್ಕಿ ಪತ್ತೆಯೇ ಇಲ್ಲ. ಸೂರಕ್ಕಿ ಹೂವಿಗೆ ಬರುತ್ತದೆ, ನೀರಿನ ಕಡೆ ತಿರುಗಿಯೂ ನೋಡುವುದಿಲ್ಲ.

ಕೆರೆಏರಿ
ಸೂರಕ್ಕಿಯನ್ನು ಕೊಳದಲ್ಲಿ ಹುಡುಕಬೇಡಿ. ಅದು ಒದ್ದೆ ಎಲೆಯ ಮೇಲೆ ಮೈ ಉಜ್ಜಿಕೊಳ್ಳುತ್ತದೆ. ಬಾಳೆ ಇಲ್ಲಾ ಕಾಬಾಳೆ ಎಲೆಗೆ ಬೆಳಗ್ಗೆ ಪೈಪಿನಿಂದ ನೀರು ಚಿಮುಕಿಸಿ ನೋಡಿ. ಟುವ್ವಿ ಹಕ್ಕಿಯೂ ಹಾಗೇ ಮಾಡುತ್ತದೆ. ಮಡಿವಾಳ ಹಕ್ಕಿ ಬರುವುದು ಕತ್ತಲಾಗುವ ಹೊತ್ತಿಗೆ, ಉಳಿದವೆಲ್ಲಾ ಹೋದ ಮೇಲೆ. ಆಗ ಹಿತ್ತಲ ಲೈಟ್ ಹಾಕಬೇಡಿ. ಪಿಕಳಾರಕ್ಕೆ ಪೊದೆ ಬೆಳೆಯುವ ತನಕ ಕಾಯಬೇಕು.

ಹೂವಿನ ತೋಟ
ಚಪ್ಪಡಿ ಮೇಲಿನ ನೀರಲ್ಲಿ ಡೆಂಗಿ ಸೊಳ್ಳೆ ಆಗುವುದಿಲ್ಲವಾ? ಅಲ್ಲಿಗೆ ಮೀನು ಬರುವುದಿಲ್ಲವಲ್ಲ.

ಕೆರೆಏರಿ
ಹನಿ ಬಿದ್ದು ಕೊಳಕ್ಕೆ ಹರಿಯುತ್ತಿದ್ದರೆ ಆಗುವುದಿಲ್ಲ. ಬೇರೆ ಮಣ್ಣಿನ ತಟ್ಟೆ ಇಟ್ಟವರು ಮಾತ್ರ ವಾರಕ್ಕೆ ಎರಡು ಸಲ ನೀರು ಚೆಲ್ಲಿ ಉಜ್ಜಬೇಕು. ಮೊಟ್ಟೆ ಗೋಡೆಗೆ ಅಂಟಿಕೊಂಡಿರುತ್ತದೆ, ಚೆಲ್ಲಿದರಷ್ಟೇ ಹೋಗುವುದಿಲ್ಲ.

ರಂಗನತಿಟ್ಟು ರಜಾ
ಹರಟೆಮಲ್ಲ ಸ್ನಾನದ ಫೋಟೋ ಬೇಕಾದರೆ ನಾನೇ ಬಂದು ತೆಗೆದುಕೊಡುತ್ತೇನೆ. ನೀರಿನ ಮಟ್ಟಕ್ಕೆ ಕ್ಯಾಮೆರಾ ಇಡಬೇಕು. ಮಲಗಲು ಜಾಗ ಇದೆಯಾ? ಗ್ರಾನೈಟ್ ಮೇಲೆ ಸಂಜೆ ಬಿಸಿಲು ಎಲ್ಲಿಂದ ಬೀಳುತ್ತದೆ?

ಶ್ರೀರಾಂಪುರದವ
ಪಶ್ಚಿಮಕ್ಕೆ ಪಕ್ಕದ ಮನೆ ಮೂರು ಮಹಡಿ ಎದ್ದಿದೆ. ನಾಲ್ಕಕ್ಕೇ ನೆರಳು.

ರಂಗನತಿಟ್ಟು ರಜಾ
ಹಾಗಾದರೆ ಐಎಸ್‌ಒ 3200 ಆದರೂ ಬೇಕು. ಮಂದ ಬೆಳಕಿಗೆ ಅಷ್ಟು ಏರಿಸಿದರೆ ನನ್ನ ಹಳೇ ಕ್ಯಾಮೆರಾ ತಡೆಯುವುದಿಲ್ಲ. ಹೊಸದು ತಗೊಂಡ ಮೇಲೆ ಬರುತ್ತೇನೆ.

ವಿಜಯನಗರ 4ನೇ ಹಂತ
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮ ಕೊಳದ ನೀರು ಪೂರ್ತಿ ಹಸಿರಾಗಿದೆ. ಮೈಲುತುತ್ತ ಹಾಕಿದರೆ ಸರಿಹೋಗುತ್ತದೆ ಅಂತ ಯಾರೋ ಅಂದರು. ಎಷ್ಟು ಹಾಕಲಿ?

ಕೆರೆಏರಿ
ಹಾಕಲೇಬೇಡಿ, ಮೀನು ಸಾಯುತ್ತವೆ. ಬಿಸಿಲು ಜಾಸ್ತಿ, ಮೀನಿಗೆ ಹಾಕುವ ತಿಂಡಿ ಜಾಸ್ತಿ ಆದಾಗ ಪಾಚಿ ಏಳುತ್ತದೆ. ನೈದಿಲೆ ಹಾಕಿ ಮೇಲ್ಭಾಗ ಅರ್ಧದಷ್ಟು ಮುಚ್ಚಲಿ, ತಿಂಡಿ ಕಮ್ಮಿ ಮಾಡಿ. ಉಳಿದದ್ದಕ್ಕೆ ಬೇರೆ ಥ್ರೆಡ್ ತೆಗೆಯಿರಿ, ಇಲ್ಲಿ ಆಗಲೇ ಜಾತ್ರೆಯಾಗಿದೆ.

ವೈರ್‌ಮನ್ ಮಂಡ್ಯ
ನಿಮ್ಮ ಕೊಳದಲ್ಲಿ ಪಂಪ್ ಇದೆಯಾ?