ಸಹಾಯ ಬೇಕು: ಮನಿ ಅಲಾರಂ ರಾತ್ರಿ ತಾನಾಗೇ ಹೊಡಕೊಳ್ಳಾಕತ್ತೈತಿ (ವಿಜಯಪುರ)

ಎಲ್ಲಾರಿಗೂ ನಮಸ್ಕಾರ ರೀ. ವಿಜಯಪುರದ ಮನ್ಯಾಗ ಅವ್ವ ಒಬ್ಬಾಕಿನ ಇರತಾಳ, ನನ್ನ ನೌಕರಿ ಬೆಳಗಾವ್ಯಾಗ. ಅದಕ್ಕಂತ 5 ವರ್ಷದ ಹಿಂದ ಕಳ್ಳರ ಅಲಾರಂ, ಹೊಗಿ ಸೆನ್ಸರ್ ಎರಡೂ ಹಾಕಿಸಿದ್ದೆ.

ಈಗ ಕರೆಂಟ್ ಹೋದ ಹತ್ತೇ ನಿಮಿಷಕ್ಕ ಪ್ಯಾನಲ್ (ಅಲಾರಂ ನಡಸೋ ಡಬ್ಬಿ) ಕುಂಯ್‌ಗುಡತೈತಿ. ಹೋದ ವಾರ ರಾತ್ರಿ ಮೂರಕ್ಕ ಸೈರನ್ನೇ ಹೊಡೀತು. ಅವ್ವ ಗಾಬರ್ಯಾಗಿ ಅಲಾರಂ ಬಂದ್ ಮಾಡೋ ಕೋಡ್ ಮರತು, ಕೀಲಿ ಸೆರಗಿನ್ಯಾಗ ಹಿಡಕೊಂಡು ಬಾಗಲಾಗ ನಿಂತಿದ್ಲಂತ. ಆಯಿತವಾರ ಹೋಗಿ ಡಬ್ಬಿ ತಗದು ನೋಡಿದೆ: 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ, ಹೊಟ್ಟಿ ಉಬ್ಬೈತಿ, ಮೀಟರಿನ್ಯಾಗ 10.6 ವೋಲ್ಟ್ ಅಷ್ಟ. ಬಿಚ್ಚಿ ಹೊರಗಿಟ್ಟೀನಿ. ಹಾಕಿದವರು ಫೋನ್ ಎತ್ತವಲ್ರು.

ಅದೇ ಅಳತಿದು ತಂದು ನಾನ ಕೂಡಿಸಬಹುದೇನ್ರಿ? ಮೇನ್ ಬಂದ್ ಮಾಡಿ, ಕೆಂಪು-ಕರಿ ವೈರ್ ಅದಲು ಬದಲು ಆಗದಂಗ ಹಚ್ಚತೀನಿ. ಕೋಡ್ ಅಳಸಿ ಹೋಗತದೇನು?

ಇನ್ನೊಂದು. ಹೊಗಿ ಸೆನ್ಸರ್ ಅಡಗಿಮನಿ ಬಾಗಲ ಮ್ಯಾಲೇ ಐತಿ. ಒಗ್ಗರಣಿ ಹಾಕಿದ್ರ ಸಾಕು, ಕೂಗತೈತಿ. ತಾಳಲಾರದ ಅವ್ವ ಅದಕ್ಕ ಅರಬಿ ಸುತ್ಯಾಳ. ನನಗ ಭಾಳ ಅಂಜಿಕಿ ಅದರದ, ಖರೇ ಬೆಂಕಿ ಹತ್ತಿದ್ರ ಹೆಂಗ? ಅಡಗಿಮನಿಗೆ ಶಾಖಕ್ಕ ಕೂಗೋ ಸೆನ್ಸರ್ ಹಾಕಿಸಿ, ಹೊಗೀದು ಪಡಸಾಲಿಗೆ ಸರಸಬೇಕಂತ ಮಾಡೀನಿ. ಹಳೇ ಪ್ಯಾನಲ್‌ಗೆ ಹೊಂದತದೇನು?

ವಿಜಯಪುರದಾಗ ಮನಿಗೆ ಬಂದು ನೋಡೋ ಮೆಕ್ಯಾನಿಕ್ ಗೊತ್ತಿದ್ರ ತಿಳಸ್ರಿ. ಶನಿವಾರ ಊರಾಗ ಇರತೀನಿ.