ಸಹಾಯ ಬೇಕು: ಎಕ್ಸ್‌ಕವೇಟರಿನಲ್ಲಿ ಬಂಡೆ ಒಡೆಯೋ ಬ್ರೇಕರ್ ಹೊಡೆಯುವಾಗ ಮಾತ್ರ ರಿಮೋಟ್ ಲಿಂಕ್ ಕಟ್ಟಾಗ್ತಿದೆ

ಎಲ್ಲರಿಗೂ ನಮಸ್ಕಾರ. ಹೊಸೂರು ಆಚೆ, ತಳಿ ಕಡೆಯ ಗ್ರಾನೈಟ್ ಕ್ವಾರಿ. 20 ಟನ್ನಿನ ಚೈನ್ ಎಕ್ಸ್‌ಕವೇಟರಿಗೆ 865 ಮೆಗಾಹರ್ಟ್ಸ್ ಬ್ಯಾಂಡಿನ ರೇಡಿಯೋ ರಿಮೋಟ್ ಕೂರಿಸಿದೀವಿ. ಗೋಡೆ ಬುಡದಲ್ಲಿ ಸಡಿಲ ಬಂಡೆ ಉರುಳೋ ಭಯ, ಅಲ್ಲಿ ಆಪರೇಟರನ್ನ ಕ್ಯಾಬಿನಲ್ಲಿ ಕೂರಿಸೋ ಹಾಗೇ ಇಲ್ಲ. ಜಾಯ್‌ಸ್ಟಿಕ್ಕಿನ ಪೈಲಟ್ ಲೈನಿಗೆ (ದೊಡ್ಡ ವಾಲ್ವುಗಳನ್ನ ನಡೆಸೋ ಕಡಿಮೆ ಒತ್ತಡದ ಎಣ್ಣೆ ಲೈನು) ಶಟಲ್ ವಾಲ್ವ್ ಹಾಕಿ, ರಿಮೋಟಿಂದಲೂ ನಡೆಯೋ ಹಾಗೆ ಪ್ರೊಪೋರ್ಷನಲ್ ವಾಲ್ವ್ ಬ್ಲಾಕ್ ಸೇರಿಸಿದೆ. ಪೈಲಟ್ ಪ್ರೆಷರ್ 39 ಬಾರ್, ಅಲುಗಾಡಲ್ಲ.

ಬಕೆಟ್ ಕೆಲಸಕ್ಕೆ ಇಡೀ ದಿನ ತೊಂದರೆಯಿಲ್ಲ. ಬ್ರೇಕರ್ ಹಾಕಿದ್ರೆ ಹತ್ತು–ಹದಿನೈದು ನಿಮಿಷಕ್ಕೊಮ್ಮೆ ಲಿಂಕ್ ಹೋಗುತ್ತೆ. 0.5 ಸೆಕೆಂಡ್ ಸಂಕೇತ ಬರದಿದ್ರೆ ಪೈಲಟ್ ಒತ್ತಡ ಕಡಿಯೋ ಕಟ್-ಆಫ್ ಸೊಲೆನಾಯ್ಡ್ ಬಿದ್ದು ಮಿಷನ್ ನಿಲ್ಲುತ್ತೆ.

ಆಂಟೆನಾ 1 ಮೀಟರ್ ಎತ್ತರಿಸಿದ್ದಾಯ್ತು, ಚಾನೆಲ್ ಬದಲಾಯಿಸಿದ್ದಾಯ್ತು, ಗುಂಡಿ ಅಂಚಿಗೆ ರಿಪೀಟರ್ ಕೂಡ ಇಟ್ಟಾಯ್ತು. ಒಂದೂ ಫಲ ಕೊಡಲಿಲ್ಲ. ನಿಲ್ಲೋ ಕ್ಷಣದ ತನಕ ಸಿಗ್ನಲ್ −70 ಡಿಬಿಎಂ, ಅಂದ್ರೆ ಚೆನ್ನಾಗೇ ಇರುತ್ತೆ. ರಿಸೀವರ್ ವೋಲ್ಟೇಜ್ 27.6. ಮಲ್ಟಿಮೀಟರ್ ಕ್ಷಣಮಾತ್ರದ ಇಳಿತ ಹಿಡಿಯಲ್ಲ ನಿಜ, ಆದ್ರೆ ಕರೆಂಟ್ ಕಡಿತವಾಗಿದ್ರೆ ಲಾಗಿನಲ್ಲಿ ರೀಸ್ಟಾರ್ಟ್ ಕಾಣಬೇಕಿತ್ತಲ್ಲ? ಟೈಮ್‌ಔಟ್ (ಸಂಕೇತ ಬರದೆ ಅವಧಿ ಮೀರಿದ್ದು) ಮಾತ್ರ ಇದೆ. ಕ್ಯಾನ್ ಲೈನ್ (ಕಂಟ್ರೋಲರುಗಳ ನಡುವೆ ಸಂದೇಶ ಒಯ್ಯೋ ತಂತಿ ಜೋಡಿ) ಮಿಷನ್ ಆಫ್ ಇದ್ದಾಗ ಸರಿಯಾಗಿ 60 ಓಂ ತೋರಿಸುತ್ತೆ. ನಡುಕದಲ್ಲಿ ಎಷ್ಟಾಗುತ್ತೋ ಅಳೆಯೋಕಾಗಿಲ್ಲ.

ಟೈಮ್‌ಔಟನ್ನ 0.5ರಿಂದ 1.5 ಸೆಕೆಂಡಿಗೆ ಏರಿಸಿ ಅಂತಾರೆ ಕೆಲವರು. ಅದು ಬೇಡವೇ ಬೇಡ. ಸ್ವಿಂಗ್ 11 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 66 ಡಿಗ್ರಿ. ಅಷ್ಟು ಹೊತ್ತು ಯಾರ ಹಿಡಿತದಲ್ಲೂ ಇಲ್ಲದೆ ಬೂಮ್ ತಿರುಗಿದ್ರೆ ಪಕ್ಕದ ಟಿಪ್ಪರ್ ಗತಿ?

ಇಷ್ಟು ತಿಳಿಸಿ: ನಡುಕಕ್ಕೆ ಸಂಪರ್ಕ ತಪ್ಪುತ್ತಿರೋದು ಆಂಟೆನಾ ಕೇಬಲ್ಲಿನಲ್ಲೋ ಕ್ಯಾನ್ ಕನೆಕ್ಟರಿನಲ್ಲೋ ಅಂತ, ಮಿಷನ್ ಹತ್ತಿರ ಯಾರೂ ನಿಲ್ಲದೆ, ಬ್ರೇಕರ್ ಓಡುವಾಗಲೇ ಕಂಡುಹಿಡಿಯೋದು ಹೇಗೆ?